ಐವತ್ತೆರಡು ಕಂಬ: ಆಳಂದ ರಸ್ತೆಯ ಒಂದು ತೋಟದ ಬೇಲಿ ಬಿದ್ದದ್ದು, ಎದ್ದದ್ದು

2021ರ ಜೂನ್ ಮೊದಲ ವಾರ. ಬೆಳಗ್ಗೆ ಆರಕ್ಕೆ ಮಾವನ ಫೋನ್. "ಅಳಿಯಾ, ಬೇಲಿ ಮಕ್ಕೊಂಡದ. ಬಂದು ನೋಡು."

ಬಿದ್ದಿದೆ ಅನ್ನಲಿಲ್ಲ, ಮಲಗಿದೆ ಅಂದರು. ಹೋಗಿ ನೋಡಿದರೆ ಆ ಮಾತೇ ಸರಿ. ರಾತ್ರಿ ಬೀಸಿದ ಗಾಳಿಗೆ ಪಡುವಣ ದಿಕ್ಕಿನ ಬೇಲಿ ಪೂರ್ತಿ, ಜಾಲರಿ ಸಮೇತ, ಪುಂಡಿಪಲ್ಯದ ಮಡಿಯ ಮೇಲೆ ಜಮಖಾನ ಹಾಸಿದಂತೆ ಮಲಗಿತ್ತು. ಅದರ ಮೇಲೆ ನಡೆದುಕೊಂಡೇ ಒಳಗೆ ಬಂದ ಎರಡು ಎಮ್ಮೆ ಬದನೆ ಗಿಡ ಮುಗಿಸಿ, ನುಗ್ಗೆ ಮರದ ಕೆಳಗೆ ನಿಂತು ಮೆಲುಕು ಹಾಕುತ್ತಿದ್ದವು.

ಬೇಲಿಗೆ ಆಗ ಮೂರೇ ವರ್ಷ. ಅದನ್ನು ಹಾಕಿಸಿದವನು ನಾನೇ. ಕಟ್ಟಡದ ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ಸಿಮೆಂಟು, ಕಬ್ಬಿಣ ಗೊತ್ತು ಅಂದ ಮೇಲೆ ನಾಲ್ಕು ಗೂಟ ಹೂಳುವುದೇನು ಮಹಾ ಅಂದುಕೊಂಡಿದ್ದೆ. ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತೋಟ ಇರುವುದು ಕಲಬುರಗಿಯಿಂದ ಆಳಂದಕ್ಕೆ ಹೋಗುವ ರಸ್ತೆಯ ಬದಿ, ಹದಿನೈದು ಗುಂಟೆ. ಅಪ್ಪಟ ಎರೆ ಮಣ್ಣು. ತೊಗರಿಗೆ ಹೇಳಿ ಮಾಡಿಸಿದ ನೆಲ, ಕಂಬಕ್ಕೆ ಅಲ್ಲ. ಸುತ್ತಳತೆ 520 ಅಡಿ, ಹತ್ತು ಅಡಿಗೊಂದರಂತೆ 52 ಕಂಬ. 2018ರ ಮೇ ತಿಂಗಳಲ್ಲಿ ನಾವು ಹೂಳಿದ್ದು 44 ನೀಲಗಿರಿ ಕಂಬ. ನಾಲ್ಕು ಮೂಲೆಗೆ ಮತ್ತು ಗೇಟಿನ ಎರಡು ಬದಿಗೆ ಆರು ಸಾಗವಾನಿ. ಹಿಂದುಗಡೆ ಎರಡು ಕಡಿಮೆ ಬಿದ್ದವು ಅಂತ ಮಾವನ ಹಳೇ ದನದ ಕೊಟ್ಟಿಗೆಯಿಂದ ಕಿತ್ತ ಜಾಲಿ ಕಂಬ ಎರಡು. ಎಲ್ಲವೂ ಏಳು ಅಡಿ ಉದ್ದ, ಒಂದೂವರೆ ಅಡಿ ನೆಲದೊಳಗೆ. ನೀಲಗಿರಿಯ ಬುಡಕ್ಕೆ ಸುಟ್ಟ ಎಂಜಿನ್ ಆಯಿಲ್ಲೂ ಡಾಂಬರೂ ಬಳಿದಿದ್ದೆವು. ಸಾಗವಾನಿ ತುಟ್ಟಿ ಮಾಲು ಅಂತ ಅದಕ್ಕೆ ಸುತ್ತಲೂ ಕಾಂಕ್ರೀಟ್ ಹಾಕಿಸಿದ್ದೆ. ನನ್ನ ಕೈ ಅದರಲ್ಲಿ ಪಳಗಿದೆ ನೋಡಿ!

ಬಿದ್ದ ಬೇಲಿಯನ್ನು ಹಾಗೇ ಎತ್ತಿ ನಿಲ್ಲಿಸೋಣ ಅಂತ ನಾನಂದೆ. ಬೇಡ ಅಂದವರು ಬಡಿಗೇರ ಕಾಕಾ. ಮಾವನ ವಾರಿಗೆಯವರು, ಬಂಡಿ, ಕುಂಟೆ, ಕೂರಿಗೆ ಮಾಡಿ ಕೈ ಗಟ್ಟಿಯಾದವರು. "ಒಂದೂ ಬಿಡದ ಎಲ್ಲಾ ಕೀಳ್ರಿ. ಸತ್ತದ್ದು ಯಾಕ ಸತ್ತದ, ಬದುಕಿದ್ದು ಯಾಕ ಬದುಕ್ಯದ, ಎರಡೂ ನೋಡಬೇಕಲ್ರಿ." ಹಾಗಾಗಿ ಎರಡು ದಿನ ಹಾರೆ ಹಿಡಿದು 52 ಕಂಬವನ್ನೂ ಕಿತ್ತು ರಸ್ತೆ ಬದಿಗೆ ಸಾಲಾಗಿ ಮಲಗಿಸಿದೆವು. ಹೋಗಿಬರುವವರು ಬೈಕ್ ನಿಲ್ಲಿಸಿ ಕೇಳುತ್ತಿದ್ದರು, ಮಾರಾಟಕ್ಕಾ ಅಂತ.

ಕಿತ್ತಾಗ ಕಂಡದ್ದು

ನೀಲಗಿರಿ 44ರಲ್ಲಿ 29 ಕಂಬ ಮಣ್ಣುಮಟ್ಟದಲ್ಲೇ ಮುರಿದಿದ್ದವು ಅಥವಾ ಒಳಗೆ ಟೊಳ್ಳಾಗಿದ್ದವು. ಒಂಬತ್ತು ಕಂಬಕ್ಕೆ ಏನೂ ಆಗಿರಲಿಲ್ಲ, ಸುಮ್ನೆ ವಾಲಿದ್ದವು. ಆರು ನೆಟ್ಟಗೆ ನಿಂತೇ ಇದ್ದವು. ಸಾಗವಾನಿ ಆರರಲ್ಲಿ ಐದು ಹೋಗಿದ್ದವು. ಎಲ್ಲಕ್ಕಿಂತ ಕೆಟ್ಟದಾಗಿ ಹೋದದ್ದು ಕಾಂಕ್ರೀಟ್ ಹಾಕಿದ ಗೇಟಿನ ಕಂಬಗಳು. ಕೊಟ್ಟಿಗೆಯ ಹಳೇ ಜಾಲಿ ಎರಡೂ ಗಟ್ಟಿ. ಕೀಳುವಾಗ ಒಂದರ ಜೊತೆ ಹಾರೆಯೇ ಬಾಗಿತು.

ಅಂದರೆ ದುಡ್ಡು ಕೊಟ್ಟು ತಂದದ್ದು ಮೊದಲು ಸತ್ತಿತ್ತು, ಬಿಟ್ಟಿ ಬಂದದ್ದು ಬದುಕಿತ್ತು.

ಗೇಟಿನ ಎಡಗಡೆಯ ಕಂಬವನ್ನು ಹೇಗೆ ತೆಗೆದೆವು ಅಂತ ಹೇಳಲೇಬೇಕು. ಎಳೆದ ಕೂಡಲೇ ಮೇಲಿನ ಭಾಗ ಕೈಗೆ ಬಂತು. ಬುಡ ಕಾಂಕ್ರೀಟಿನೊಳಗೇ ಉಳಿಯಿತು. ಬಗ್ಗಿ ನೋಡಿದರೆ ನಾನು ಹಾಕಿಸಿದ ಕಾಂಕ್ರೀಟು ಒಂದು ದೊಡ್ಡ ಲೋಟ. ತಳವೂ ಮುಚ್ಚಿದೆ, ಸುತ್ತಲೂ ಮುಚ್ಚಿದೆ, ಮೇಲೆ ಮಾತ್ರ ಬಾಯಿ. ಕಟ್ಟಿಗೆ ಒಣಗಿ ಕುಗ್ಗಿದಾಗ ಸುತ್ತಲೂ ಕೂದಲೆಳೆಯಷ್ಟು ಸಂದು ಬಿಟ್ಟಿದೆ. ಮಳೆ ನೀರು ಕಂಬದ ಮೈ ಹಿಡಿದು ಇಳಿದು ಅಲ್ಲೇ ಕೂತಿದೆ, ಹೋಗಲು ದಾರಿಯಿಲ್ಲ. ಒಳಗೆ ಬೆರಳು ಹಾಕಿದೆ. ನೆನೆದ ಅವಲಕ್ಕಿಯ ಹಾಗೆ ಕಟ್ಟಿಗೆ ಕಿತ್ತು ಬಂತು, ಕೊಳೆತ ಅಣಬೆಯ ವಾಸನೆ. ಅದರ ನಡುವೆ ಮಾತ್ರ ಹೆಬ್ಬೆರಳು ದಪ್ಪದ ಒಂದು ಕೋಲು ಉಳಿದಿತ್ತು. ಕಂದು ಬಣ್ಣ, ಉಗುರೂ ನಾಟದಷ್ಟು ಗಟ್ಟಿ.

ಕಾಕಾ ಆ ಕೋಲನ್ನು ತೆಗೆದು ನನ್ನ ಕೈಗಿಟ್ಟರು. "ತಗೋರಿ, ನೀವು ತಂದಿದ್ದ ಸಾಗವಾನಿ ಇಷ್ಟ. ಉಳಿದದ್ದು ಬರೇ ಬಿಳಿ ಕಟಗಿ."

ಬಹಳಷ್ಟು ಮರಗಳನ್ನು ಅಡ್ಡ ಕೊಯ್ದರೆ ಎರಡು ಬಣ್ಣ ಕಾಣುತ್ತದೆ. ನಡುವೆ ಗಾಢ ಬಣ್ಣದ ಕೆಚ್ಚು, ಸುತ್ತ ತಿಳಿ ಬಣ್ಣದ ಹೊರಕಟ್ಟಿಗೆ. ಬೇರಿನಿಂದ ನೀರು ಮೇಲೇರುವುದು ಹೊರಕಟ್ಟಿಗೆಯಲ್ಲಿ. ಅದರಲ್ಲಿ ಹಿಟ್ಟಿನಂಶ, ಸಕ್ಕರೆ ತುಂಬಿರುತ್ತದೆ. ಒರಲೆಗೂ (ಗೆದ್ದಲು) ಬೂಷ್ಟಿಗೂ ಅದು ಹಬ್ಬದೂಟ. ಮರ ವಯಸ್ಸಾದಂತೆ ಒಳಗಿನ ಪದರಗಳು ಕೆಲಸ ನಿಲ್ಲಿಸುತ್ತವೆ. ಆಗ ಮರ ಅವುಗಳಲ್ಲಿ ಒಗರು, ಎಣ್ಣೆಯಂಥ ಪದಾರ್ಥಗಳನ್ನು ತುಂಬುತ್ತದೆ. ಅದೇ ಕೆಚ್ಚು. ಸಾಗವಾನಿಯ ಹೆಸರೆಲ್ಲಾ ಕೆಚ್ಚಿನದು. ಎಂಟು ಹತ್ತು ವರ್ಷದ ತೋಟದ ಸಾಗವಾನಿಯಲ್ಲಿ ಕೆಚ್ಚು ಕೂಡಿರುವುದೇ ಸ್ವಲ್ಪ. ಕಟ್ಟಿಗೆ ಅಡ್ಡಾದವರು "ಪಕ್ಕಾ ಸಾಗವಾನಿ" ಅಂದಾಗ ಸುಳ್ಳು ಹೇಳಿರಲಿಲ್ಲ. ನಾನೇ ಕೊಯ್ದ ತುದಿ ನೋಡಿರಲಿಲ್ಲ.

ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯವರು ಇದನ್ನು ಬಹಳ ಹಿಂದಿನಿಂದ ಅಳೆದು ನೋಡಿದ್ದಾರೆ. 60 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ದಪ್ಪದ ಚೌಕ ಗೂಟಗಳನ್ನು ಅರ್ಧ ನೆಲದಲ್ಲಿ ಹೂಳಿ ಬಿಡುವುದು, ಆಗಾಗ ಕಿತ್ತು ನೋಡುವುದು. ಸಾಲಾಗಿ ಗೂಟ ನಿಂತ ಆ ಬಯಲಿಗೆ ಅವರಿಟ್ಟ ಹೆಸರು ಗ್ರೇವ್‌ಯಾರ್ಡ್, ಅಂದರೆ ಸ್ಮಶಾನ. ಹತ್ತು ವರ್ಷ ದಾಟಿದ್ದು ಮೊದಲ ದರ್ಜೆ, ಐದರಿಂದ ಹತ್ತು ಎರಡನೆಯದು, ಐದರೊಳಗೆ ಹೋದದ್ದು ಮೂರನೆಯದು. ಸಾಗವಾನಿ ಮೊದಲ ದರ್ಜೆ. ಆದರೆ ಈ ದರ್ಜೆ ಕೊಡುವುದು ಕೆಚ್ಚಿಗೆ ಮಾತ್ರ. ಹೊರಕಟ್ಟಿಗೆ ಯಾವ ಜಾತಿಯದಾದರೂ ಬಾಳಿಕೆಯ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ತೋಟವೂ ಅಂಥದ್ದೇ ಒಂದು ಸ್ಮಶಾನ ಆಗಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ.

ಇನ್ನೊಂದು ವಿಷಯ, ಮುರಿದದ್ದೆಲ್ಲ ಒಂದೇ ಜಾಗದಲ್ಲಿ. ಮಣ್ಣಿನಿಂದ ಎರಡು ಇಂಚು ಮೇಲೆ, ಆರು ಇಂಚು ಕೆಳಗೆ, ಅಷ್ಟರೊಳಗೇ. ಕಂಬದ ತೀರಾ ತಳ ಹೆಚ್ಚಿನದರಲ್ಲಿ ಚೆನ್ನಾಗಿತ್ತು, ಮೇಲಿನ ಭಾಗವೂ ಚೆನ್ನಾಗಿತ್ತು. ಕಟ್ಟಿಗೆ ತಿನ್ನುವ ಬೂಷ್ಟಿಗೆ ನೀರೂ ಬೇಕು, ಗಾಳಿಯೂ ಬೇಕು. ಆಳದಲ್ಲಿ ನೀರಿದ್ದರೂ ಗಾಳಿ ಕಡಿಮೆ. ಮೇಲೆ ಗಾಳಿಯಿದ್ದರೂ ನಮ್ಮ ಬಿಸಿಲಿಗೆ ಕಟ್ಟಿಗೆ ಒಣಗಿಬಿಡುತ್ತದೆ. ತೇವ ಶೇ. 20ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವುದಿಲ್ಲ. ಎರಡೂ ಒಟ್ಟಿಗೆ ಸಿಗುವುದು ಆ ಎಂಟು ಇಂಚಿನಲ್ಲಿ ಮಾತ್ರ. ನಮ್ಮ ಡಾಂಬರು ಅಲ್ಲಿ ಸಿಪ್ಪೆಯಂತೆ ಎದ್ದಿತ್ತು. ಹಸಿ ಕಂಬಕ್ಕೆ ಬಳಿದಿದ್ದೆವಲ್ಲ, ಒಳಗಿನ ತೇವ ಹೊರಗೆ ಬರಲಿಲ್ಲ, ಹೊರಗಿನದು ಬಿರುಕಿನಿಂದ ಒಳಗೆ ಹೋಯಿತು. ಒರಲೆಯೂ ಆ ಸಿಪ್ಪೆಯ ಹಿಂದೆಯೇ ಮಣ್ಣಿನ ಓಣಿ ಕಟ್ಟಿಕೊಂಡಿತ್ತು, ಬಿಸಿಲೂ ತಾಗದಂತೆ, ಇರುವೆಯೂ ಕಾಣದಂತೆ. ನಾವೇ ಮನೆ ಕಟ್ಟಿಕೊಟ್ಟ ಹಾಗಾಯಿತು.

ಆರು ನೀಲಗಿರಿ ಬದುಕಿದ್ದು ಯಾಕೆ? ಅವೆಲ್ಲ ರಸ್ತೆ ಬದಿಯವು. ಅಲ್ಲಿ ದಾರಿ ಮಾಡುವಾಗ ಎರಡು ಟ್ರಾಲಿ ಮೊರಮು (ಗರಸು ಮಣ್ಣು) ಬಿದ್ದಿತ್ತು. ನೀರು ನಿಲ್ಲುತ್ತಿರಲಿಲ್ಲ. ಒಂದೇ ಕಟ್ಟಿಗೆ, ಒಂದೇ ದಿನ ಹೂಳಿದ್ದು, ಮಣ್ಣು ಬೇರೆ. ಇದನ್ನು ಬೀದರಿನ ಚಿಕ್ಕಮ್ಮನಿಗೆ ಹೇಳಿದೆ. ಅವರ ಮನೆ ಹಿತ್ತಲಿಗೂ ನಾನು ಅದೇ ಅಡ್ಡಾದ ನೀಲಗಿರಿಯನ್ನೇ ಕಳಿಸಿದ್ದೆ. "ನಮ್ದೇನೂ ಆಗಿಲ್ಲಪ್ಪಾ, ಹಾಂಗೇ ಅವ" ಅಂದರು. ಬೀದರಿನದು ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲ, ನೀರು ಸುರಿದರೆ ಕುಡಿದುಬಿಡುತ್ತದೆ. ನಮ್ಮದು ಕುಡಿಯುವುದಿಲ್ಲ, ಬಾಯಲ್ಲಿ ಇಟ್ಟುಕೊಳ್ಳುತ್ತದೆ. 2020ರ ಅಕ್ಟೋಬರ್ ಮಳೆ ನೆನಪಿರಬೇಕು. ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನುಗ್ಗಿತ್ತು. ನಮ್ಮ ತೋಟದ ಹತ್ತಿರ ಹೊಳೆಯಿಲ್ಲ, ಆದರೂ ಪಡುವಣ ಬದಿಯಲ್ಲಿ ಹತ್ತು ದಿನ ಪಾದ ಮುಳುಗುವಷ್ಟು ನೀರಿತ್ತು. ಬೇಲಿ ಸತ್ತದ್ದು ಆಗಲೇ. ಜೂನ್ ಗಾಳಿ ಬರೀ ನೆಪ.

ವಾಲಿದ ಒಂಬತ್ತರ ಕತೆ ಬೇರೆ. ಅದು ಎರೆಯ ಆಟ. ಮಳೆಗಾಲದಲ್ಲಿ ಉಬ್ಬುತ್ತದೆ, ಏಪ್ರಿಲ್‌ನಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಒಂದೂವರೆ ಅಡಿ ಆಳದ ಕಂಬ ಆ ಅಲುಗಾಡುವ ಪದರದಲ್ಲೇ ನಿಂತಿರುತ್ತದೆ. ಮೇಲಿಂದ ಜಾಲರಿಯನ್ನು ಬಿಗಿಯಾಗಿ ಎಳೆದಿದ್ದೆವು, ಮೂಲೆ ಕಂಬಕ್ಕೆ ಓರೆ ಆಸರೆ ಕೊಟ್ಟಿರಲಿಲ್ಲ. ಮೂಲೆ ವಾಲಿತು, ಪಕ್ಕದ್ದನ್ನೂ ಕರೆದುಕೊಂಡು ಹೋಯಿತು.

ಮತ್ತೆ ಕಟ್ಟಿಗೆಯೇ ಯಾಕೆ

ಕಲ್ಲು ಕಂಬ ಹಾಕಿ ಮುಗಿಸಿ ಅಂತ ಬಹಳ ಜನ ಹೇಳಿದರು. ಶಹಾಬಾದ್ ಪಕ್ಕದಲ್ಲೇ ಇದೆ, ಅಲ್ಲಿನ ಫರಸಿ ಹಾಸುಗಲ್ಲಿಗೆ ಏನು ಬರ? ನಿಜ ಹೇಳಬೇಕೆಂದರೆ ಬರೀ ಬಾಳಿಕೆ ನೋಡಿದರೆ ಅವರದೇ ಸರಿ. ಆದರೆ ಮಾವನ ಹೊಲದ ಬದುವಿನಲ್ಲಿ ಎರಡು ಮುದಿ ಜಾಲಿ ಮರ ನಿಂತಲ್ಲೇ ಒಣಗುತ್ತಿದ್ದವು. ಹಳ್ಳದ ದಂಡೆಯಲ್ಲಿ ಬಳ್ಳಾರಿ ಜಾಲಿ ಯಾರೂ ಕೇಳದಷ್ಟು ಬೆಳೆದಿತ್ತು. ಮನೆಯ ಮಾಲು ಬಿಟ್ಟು ಕೊಂಡು ತರಲು ಮಾವನ ಮನಸ್ಸು ಒಪ್ಪಲಿಲ್ಲ.

ಔಷಧಿ ಕುಡಿಸಿದ ಕಂಬ ತರುವುದನ್ನೂ ಯೋಚಿಸಿದೆವು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿದ ಈ ಔಷಧಿಯನ್ನು 1933ರಲ್ಲಿ ಕಂಡುಹಿಡಿದವರು ನಮ್ಮವರೇ, ಡೆಹ್ರಾಡೂನಿನಲ್ಲಿದ್ದ ಸೋಂಟಿ ಕಾಮೇಶಂ. ಆಮೇಲೆ ಲೋಕದ ತುಂಬಾ ಕಂಬಗಳಿಗೆ ಅದನ್ನೇ ಕುಡಿಸಿದರು. ಕುಡಿಸುವುದು ಅಂದರೆ ಬ್ರಷ್ಷಿನಲ್ಲಿ ಬಳಿಯುವುದಲ್ಲ. ಮುಚ್ಚಿದ ಕೊಳವೆಯಲ್ಲಿ ಮೊದಲು ಗಾಳಿ ಎಳೆದು, ಆಮೇಲೆ ಒತ್ತಡ ಕೊಟ್ಟು ಕಟ್ಟಿಗೆಯ ಒಳಕ್ಕೆ ತುಂಬುವುದು. ಇಲ್ಲಿ ಕತೆ ಉಲ್ಟಾ. ಔಷಧಿ ಹಿಡಿಯುವುದು ಹೊರಕಟ್ಟಿಗೆ, ಕೆಚ್ಚು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಅಂಥ ಕಂಬ ತಂದರೆ ಹೊರಕಟ್ಟಿಗೆ ಕೆತ್ತಬಾರದು, ಹೂಳುವ ತುದಿಯನ್ನು ಕತ್ತರಿಸಲೂ ಬಾರದು. ನಾವು ಬೇಡ ಅಂದದ್ದು ಆರ್ಸೆನಿಕ್ ಕಾರಣಕ್ಕೆ. ಕಂಬದ ಬುಡದಲ್ಲೇ ಮಾವ ಪುಂಡಿ, ರಾಜಗಿರಿ ಹಾಕುತ್ತಾರೆ. ಅಮೆರಿಕದಲ್ಲೂ ಮನೆ ಬಳಕೆಯ ಕಟ್ಟಿಗೆಗೆ ಅದನ್ನು 2003ರ ಕೊನೆಗೆ ನಿಲ್ಲಿಸಿದರು. ಇನ್ನೊಂದು ಭಯವೂ ಇತ್ತು. ನಮ್ಮಲ್ಲಿ ಉಳಿದ ತುಂಡೆಲ್ಲ ಹೋಗುವುದು ಸ್ನಾನದ ನೀರಿನ ಒಲೆಗೆ, ಅಲ್ವಾ? ಆ ಕಟ್ಟಿಗೆಯನ್ನು ಸುಟ್ಟರೆ ಬೂದಿಯಲ್ಲೂ ಹೊಗೆಯಲ್ಲೂ ವಿಷ. ಅತ್ತೆಗೆ ಎಷ್ಟು ಸಲ ಹೇಳಿ ತಡೆಯಲಾಗುತ್ತದೆ?

ಬುಡ ಸುಟ್ಟು ಕಪ್ಪು ಮಾಡಿ ಹೂಳಿ ಅಂದವರು ಪಕ್ಕದ ಹೊಲದ ಮುತ್ಯಾ. ಮೇಲೆ ಕೂದಲೆಳೆಯಷ್ಟು ಇದ್ದಿಲಾದರೆ ಒಳಗಿನ ಕಟ್ಟಿಗೆಗೆ ಏನು ಲಾಭ ಅಂತ ನನಗೆ ಅರ್ಥವಾಗಲಿಲ್ಲ. ಸುಟ್ಟಾಗ ಬಿಡುವ ಬಿರುಕೇ ಒರಲೆಗೆ ಬಾಗಿಲು. ಆದರೂ ಹಿರಿಯರ ಮಾತು ಅಂತ ಐದು ಕಂಬ ಸುಟ್ಟೆವು.

ಎರಡನೇ ಸಲ

ಜಾಲಿ ಕಡಿಯಲು ಮೊದಲು ಅರಣ್ಯ ಇಲಾಖೆಗೆ ಅರ್ಜಿ. ನಮ್ಮ ಹೊಲದ ಮರವೇ ಆದರೂ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಅವರು ಬಂದು ನೋಡಿ ಅನುಮತಿ ಕೊಟ್ಟ ಮೇಲೆ 2022ರ ಜನವರಿಯಲ್ಲಿ ಕಡಿದೆವು. ಅಮಾವಾಸ್ಯೆ ನೋಡಿ ಕಡಿಯಬೇಕು ಅಂದರು ಕಾಕಾ. ನನಗೆ ಬೇಕಿದ್ದದ್ದು ಒಣ ಹವೆಯ ತಿಂಗಳು, ಅವರಿಗೆ ಬೇಕಿದ್ದದ್ದು ಅಮಾವಾಸ್ಯೆ. ಜನವರಿಯಲ್ಲಿ ಎರಡೂ ಸಿಕ್ಕವು, ಜಗಳವಾಗಲಿಲ್ಲ.

ಕಡಿದ ಕೂಡಲೇ ತೊಗಟೆ ಸುಲಿದೆವು. ತೊಗಟೆ ಬಿಟ್ಟರೆ ಅದರಡಿ ಹುಳ ಸೇರುತ್ತದೆ. ಕೊಯ್ದ ತುದಿಗಳಿಗೆ ಸಗಣಿ ಮೆತ್ತಿದೆವು. ತುದಿ ಬೇಗ ಒಣಗಿದರೆ ಸೀಳುತ್ತದೆ, ಸಗಣಿ ಅದನ್ನು ನಿಧಾನ ಮಾಡುತ್ತದೆ. ಹಿಂದೆ ಬಂಡಿಗೆ ಬೇಕಾದ ಜಾಲಿಯನ್ನು ತಿಂಗಳುಗಟ್ಟಲೆ ಬಾವಿ ನೀರಿನಲ್ಲಿ ಮುಳುಗಿಸಿ ಇಡುತ್ತಿದ್ದರಂತೆ. ಹಿಟ್ಟಿನಂಶ ನೀರಿಗೆ ಬಿಟ್ಟು ಹುಳ ಹತ್ತುವುದಿಲ್ಲ. ನಮ್ಮ ಬಾವಿಯಲ್ಲಿ ಅಷ್ಟು ನೀರಿರಲಿಲ್ಲ. ನಾಲ್ಕು ತಿಂಗಳು ನೆರಳಲ್ಲಿ, ಕೆಳಗೆ ಇಟ್ಟಿಗೆ ಕೊಟ್ಟು, ನಡುವೆ ಗಾಳಿ ಆಡುವಂತೆ ಪೇರಿಸಿಟ್ಟೆವು.

ಎರಡು ಮರದಿಂದ ಸಾ ಮಿಲ್‌ನಲ್ಲಿ ನಾಲ್ಕು ಇಂಚು ಚೌಕದ ಹನ್ನೆರಡು ಕಂಬ ಬಂದವು, ಎಲ್ಲಾ ಕೆಚ್ಚು, ಒಣ ಖರ್ಜೂರದ ಬಣ್ಣ. ಅವನ್ನು ಮೂಲೆಗೆ, ಗೇಟಿಗೆ, ನಡುನಡುವೆ ಎಳೆತ ತಡೆಯಲು ಇಟ್ಟುಕೊಂಡೆವು. ಬಳ್ಳಾರಿ ಜಾಲಿಯಲ್ಲಿ 25 ಸಿಕ್ಕವು. ಅವು ಯಾವುದೂ ನೆಟ್ಟಗಿಲ್ಲ, ಆದರೆ ಕೆಚ್ಚು ಒಳ್ಳೆಯದು. ಕಾಕಾ ಬಾಚಿ ಹಿಡಿದು ಒಂದೊಂದರ ಬುಡದ ಮೂರೂವರೆ ಅಡಿ ಹೊರಕಟ್ಟಿಗೆ ಪೂರ್ತಿ ಕೆತ್ತಿದರು. ಬಿಳಿ ಹೋಗಿ ಕಂದು ಕಾಣುವವರೆಗೆ. ಕೆತ್ತಿದ ಮೇಲೆ ಮೂರು ಇಂಚೂ ಉಳಿಯದ ಕಂಬವನ್ನು ಒಲೆಗೆ ಹಾಕಿದೆವು. ಈ ಕೆಲಸವೇ ಆರು ದಿನ ಹಿಡಿಯಿತು. ಅವಸರ ಮಾಡಿದರೆ "ನಿಮ್ಮ ಸೈಟಲ್ರಿ ಇದು" ಅನ್ನುತ್ತಿದ್ದರು.

ಉಳಿದ ಹದಿನೈದು ಜಾಗಕ್ಕೆ ಹಳೇ ಬೇಲಿಯ ಗಟ್ಟಿ ನೀಲಗಿರಿಗಳನ್ನೇ ಬಳಸಿದೆವು, ಆದರೆ ನೆಲಕ್ಕೆ ತಾಗಿಸಲಿಲ್ಲ. ಮೂರು ಇಂಚು ದಪ್ಪದ ಫರಸಿಯ ಉದ್ದ ತುಂಡುಗಳನ್ನು ಹೂಳಿ, ಒಂದೂವರೆ ಅಡಿ ಮೇಲೆ ಬಿಟ್ಟು, ಅದಕ್ಕೆ ಕಂಬವನ್ನು ಎರಡು ಬೋಲ್ಟಿನಲ್ಲಿ ಬಿಗಿದೆವು. ಕಂಬದ ತಳ ಮಣ್ಣಿನಿಂದ ಎರಡು ಇಂಚು ಮೇಲೆ. ನೆಲಕ್ಕೆ ಕಲ್ಲು, ಗಾಳಿಗೆ ಕಟ್ಟಿಗೆ. ಈ ಉಪಾಯ ನನ್ನದು ಅಂತ ಸ್ವಲ್ಪ ಜಂಬವಿತ್ತು. ತೂತು ಕೊರೆಯುವಾಗ ಮೂರು ಕಲ್ಲು ಪದರ ಪದರವಾಗಿ ಸೀಳಿದಾಗ ಜಂಬವೂ ಸೀಳಿತು.

ಗುಂಡಿಯ ವಿಷಯದಲ್ಲಿ ಮಾತ್ರ ನನ್ನ ಕೈ ಮೇಲಾಯಿತು. ಗುಂಡಿ ತುಂಬಾ ಖಡಿ (ಜಲ್ಲಿಕಲ್ಲು) ತುಂಬಿದರೆ ನೀರು ಬಸಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮರಳು ನೆಲದಲ್ಲಿ ಸರಿ. ಎರೆಯಲ್ಲಿ ಹಾಗೆ ಮಾಡಿದರೆ ಸುತ್ತಲಿನ ನೀರೆಲ್ಲ ಆ ಖಡಿಯ ಗುಂಡಿಗೇ ಬಂದು ಕೂರುತ್ತದೆ, ಬಕೆಟ್ಟಿನ ಹಾಗೆ. ಒಂದು ಗುಂಡಿ ತೋಡಿ ಸಂಜೆ ಎರಡು ಕೊಡ ನೀರು ಸುರಿದು ನೋಡಿದೆ. ಬೆಳಗ್ಗೆ ಹೋದರೆ ಕಪ್ಪೆಯೊಂದು ಈಜುತ್ತಿತ್ತು. ಹಾಗಾಗಿ ಮೂರು ಅಡಿ ಗುಂಡಿ, ತಳಕ್ಕೆ ಆರು ಇಂಚು ಖಡಿ, ಅದರ ಮೇಲೆ ಎರಡೂವರೆ ಅಡಿ ಒಳಗೆ ಹೋಗುವಂತೆ ಕಂಬ. ಸುತ್ತ ಸಣ್ಣ ಮೊರಮು, ಆರಾರು ಇಂಚು ಹಾಕಿ ಸ್ವಲ್ಪ ತೇವ ಮಾಡಿ ಹಾರೆಯ ಹಿಂಬದಿಯಿಂದ ಜಡಿಯುವುದು. ಮೇಲೆ ಹೋಳಿಗೆ ಹೂರಣದ ಉಂಡೆಯಂತೆ ದಿಬ್ಬ, ನೀರು ಕಂಬದಿಂದ ಆಚೆ ಹರಿಯಲಿ ಅಂತ. ಪಡುವಣ ಬದಿಗೆ ಒಂದು ಅಡಿ ಆಳದ ಕಾಲುವೆ ತೆಗೆದು ರಸ್ತೆಯ ಮೋರಿಗೆ ಬಿಟ್ಟೆವು. ಐವತ್ತೆರಡು ಕಂಬಕ್ಕೆ ಸುರಿದ ಬೆವರಿಗಿಂತ ಆ ಒಂದು ಕಾಲುವೆಯ ಲಾಭ ಜಾಸ್ತಿ ಅಂತ ನನ್ನ ಅನಿಸಿಕೆ. ಗೇಟಿಗೆ ಈ ಸಲ ಕಾಂಕ್ರೀಟ್ ಇಲ್ಲ.

ಮೂಲೆಗಳಿಗೆ ಎರಡು ಕಡೆಯೂ ಓರೆ ಆಸರೆ. ಕಂಬದ ತಲೆಯನ್ನು ಇಳಿಜಾರಾಗಿ ಕೊಯ್ದು ಎಣ್ಣೆ ಡಬ್ಬಿಯ ತಗಡು ಹೊಡೆದೆವು, ಕೊಯ್ದ ತುದಿಯೇ ನೀರು ಹೀರುವ ಬಾಯಿ. ಒಣಗಿದ ಜಾಲಿಗೆ ಯು ಮೊಳೆ ಹೊಡೆಯಲು ಹೋಗಿ ಅರ್ಧ ಡಬ್ಬಿ ಮೊಳೆ ಬಗ್ಗಿದವು. ಮೊದಲು ಡ್ರಿಲ್ ಹಾಕಿ ಆಮೇಲೆ ಹೊಡೆಯಬೇಕು ಅಂತ ಗೊತ್ತಾಗುವಷ್ಟರಲ್ಲಿ ಒಂದು ದಿನ ಹೋಯಿತು.

ಆಮೇಲೆ

ವರ್ಷಕ್ಕೊಮ್ಮೆ, ಎಳ್ಳಮಾಸೆಗೆ ಹೊಲಕ್ಕೆ ಚರಗ ಚೆಲ್ಲಲು ಹೋದಾಗ, ಊಟ ಮುಗಿಸಿ ನಾನೂ ಮಾವನೂ ತೋಟದ ಬೇಲಿ ಸುತ್ತುತ್ತೇವೆ. ಕೈಯಲ್ಲಿ ಹಳೇ ಸ್ಕ್ರೂ ಡ್ರೈವರ್. ಕಂಬದ ಬುಡದ ಮಣ್ಣನ್ನು ನಾಲ್ಕು ಇಂಚು ಸರಿಸಿ ಚುಚ್ಚುವುದು. ಗಟ್ಟಿಯಿದ್ದರೆ ಟಣ್ ಅನ್ನುತ್ತದೆ, ಕೈ ಜುಮ್ಮೆನ್ನುತ್ತದೆ. ಕೆಟ್ಟಿದ್ದರೆ ಸದ್ದಿಲ್ಲದೆ ಒಳಗೆ ಹೋಗುತ್ತದೆ.

ಮೂರು ಮಳೆಗಾಲ ಕಳೆದ ಮೇಲಿನ ಲೆಕ್ಕ ಹೀಗಿತ್ತು. ಜಾಲಿ ಹನ್ನೆರಡೂ ಟಣ್. ಪೂರ್ತಿ ಒಣಗುವ ಮೊದಲೇ ಹೂಳಿದ್ದರಿಂದ ಮೈಮೇಲೆ ಉದ್ದುದ್ದ ಸೀಳು ಬಿಟ್ಟಿವೆ, ನೋಡಲು ಚಂದವಿಲ್ಲ. ಬಳ್ಳಾರಿ ಜಾಲಿಯಲ್ಲಿ ಎರಡಕ್ಕೆ ಒರಲೆ ಹತ್ತಿತ್ತು. ಮಣ್ಣು ಕೆರೆದು ನೋಡಿದರೆ ಎರಡರಲ್ಲೂ ಒಂದು ಬದಿಯ ಕೊರಕಲಿನಲ್ಲಿ ಬೆರಳಗಲ ಬಿಳಿ ಕಟ್ಟಿಗೆ ಉಳಿದಿತ್ತು. ಅದನ್ನಷ್ಟೇ ನೀಟಾಗಿ ತಿಂದು, ಕೆಚ್ಚು ಬಂದಲ್ಲಿ ನಿಲ್ಲಿಸಿತ್ತು. ಸುಟ್ಟ ಐದಕ್ಕೂ ಸುಡದವಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ. ಮುತ್ಯಾ ಕೇಳಿದಾಗಲೆಲ್ಲ ಚೆನ್ನಾಗಿವೆ ಅನ್ನುತ್ತೇನೆ, ಸುಳ್ಳಲ್ಲವಲ್ಲ. ಫರಸಿಯ ಮೇಲಿನ ನೀಲಗಿರಿ ಹೊಸದರಂತಿವೆ, ಆದರೆ ಒಂದು ಕಲ್ಲು ಟ್ರ್ಯಾಕ್ಟರ್ ತಾಗಿ ತುಂಡಾಯಿತು, ಮೂರು ಸ್ವಲ್ಪ ವಾಲಿವೆ. ಅವನ್ನು ಬರುವ ಬೇಸಿಗೆಯಲ್ಲಿ ಇನ್ನೊಂದು ಅಡಿ ಆಳಕ್ಕೆ ಇಳಿಸಬೇಕು.

ಒರಲೆ ಹತ್ತಿದ ಕಂಬ ನೋಡಲು ಕಾಕಾನೂ ಬಂದಿದ್ದರು. ಕೂತು, ಕನ್ನಡಕ ಏರಿಸಿ, ಆ ಕೊರಕಲಿನಲ್ಲಿ ಬೆರಳಾಡಿಸಿದರು. ಬಾಚಿ ಅಲ್ಲಿಗೆ ಹೋಗಿರಲಿಲ್ಲ. "ಇದು ನನ್ನ ತಪ್ಪ್ರಿ" ಅಂದು, ಸೊಂಟದಿಂದ ಉಳಿ ತೆಗೆದು ಉಳಿದ ಬಿಳಿಯನ್ನು ಅಲ್ಲೇ ಕೆರೆಯಲು ಶುರು ಮಾಡಿದರು.